ಬ್ಯಾಕಪ್ ಆಗಿತ್ತು, ಫೈಲ್ ಇರಲಿಲ್ಲ: ‘ಅಲಿಯಾಸ್’ ಪತ್ತೆ ಹಚ್ಚೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕ್ರೈಂ ಸುದ್ದಿ ಓದುವಾಗ ‘ಅಲಿಯಾಸ್’ ಅನ್ನೋ ಪದ ಎಷ್ಟು ಸಲ ಕಣ್ಣಿಗೆ ಬಿದ್ದಿರುತ್ತೆ ಅಲ್ವಾ? ಇಂಥವನು ಅಲಿಯಾಸ್ ಇಂಥವನು ಅಂತ. ಮನುಷ್ಯ ಒಬ್ಬನೇ, ಹೆಸರು ಎರಡು. ಕಂಪ್ಯೂಟರ್‌ನಲ್ಲೂ ಇಂಥ ಅಲಿಯಾಸ್‌ಗಳಿವೆ. ಫೈಲ್ ಒಂದೇ, ಅದನ್ನು ತಲುಪೋ ದಾರಿ ಎರಡು, ಮೂರು, ಹತ್ತು. ಬಳಸೋರಿಗೆ ಇದು ಅನುಕೂಲ. ಆದರೆ ಸಾಫ್ಟ್‌ವೇರ್ ಬರೆಯೋರು ‘ಇದು ಅಸಲಿ ಫೈಲಾ, ಅಲಿಯಾಸಾ?’ ಅಂತ ಸರಿಯಾಗಿ ಪತ್ತೆ ಹಚ್ಚದಿದ್ದರೆ ಏನಾಗುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ನನ್ನದೇ ತಪ್ಪಿನಿಂದ. ಅದನ್ನೇ ಮೊದಲು ಹೇಳಿಬಿಡ್ತೀನಿ.

ಅಜ್ಜಿಯ ಹಾಡಿನ ಫೋಲ್ಡರ್

ನಮ್ಮದು ಹಾಸನದ ಕಡೆ ಹಳ್ಳಿ. ನಮ್ಮಜ್ಜಿ ಮದುವೆ ಮನೆಗಳಲ್ಲಿ ಸೋಬಾನೆ ಪದ ಹಾಡ್ತಿದ್ದರು. ಅವರು ತೀರಿಕೊಳ್ಳೋಕೆ ಒಂದು ವರ್ಷ ಮೊದಲು ಅಕ್ಕ ಅವರನ್ನು ಜಗಲಿ ಮೇಲೆ ಕೂರಿಸಿ 11 ಹಾಡು ರೆಕಾರ್ಡ್ ಮಾಡಿದ್ದಳು. ಎಲ್ಲವೂ ಅವಳ ಮ್ಯಾಕ್‌ಬುಕ್‌ನಲ್ಲಿದ್ದವು. ಡೆಸ್ಕ್‌ಟಾಪ್ ಮೇಲೆ ‘ಸೋಬಾನೆ’ ಅಂತ ಒಂದು ಫೋಲ್ಡರ್ ಕಾಣ್ತಿತ್ತು. ಡಬಲ್ ಕ್ಲಿಕ್ ಮಾಡಿದರೆ ಹಾಡುಗಳು ತೆರೆದುಕೊಳ್ತಿದ್ದವು.

ಅಕ್ಕ ಲ್ಯಾಪ್‌ಟಾಪ್ ಬದಲಾಯಿಸೋಕೆ ಹೊರಟಳು. ನಾನು ಆಗಷ್ಟೇ ಪೈಥಾನ್ ಕಲಿತು, ಒಂದು ಪುಟ್ಟ ಬ್ಯಾಕಪ್ ಪ್ರೋಗ್ರಾಂ ಬರೆದು ಬೀಗ್ತಿದ್ದೆ. “ಎಲ್ಲಾ ಡೆಸ್ಕ್‌ಟಾಪ್ ಮೇಲೇ ಇದೆ ಕಣೋ” ಅಂದಳು. ಡೆಸ್ಕ್‌ಟಾಪನ್ನೂ ಫೋಟೋಗಳ ಫೋಲ್ಡರನ್ನೂ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿದೆ. ಪ್ರೋಗ್ರಾಂ ಒಂದೂ ಎರರ್ ತೋರಿಸಲಿಲ್ಲ. ಲ್ಯಾಪ್‌ಟಾಪ್ ಅಳಿಸಿ ಎಕ್ಸ್‌ಚೇಂಜ್‌ಗೆ ಕೊಟ್ಟಾಯ್ತು.

ಎರಡು ತಿಂಗಳಾದ ಮೇಲೆ ಅಕ್ಕನ ಫೋನ್. “ಏನೋ ಇದು, ಸೋಬಾನೆ ಫೋಲ್ಡರೇ ಇಲ್ಲ. ಆ ಹೆಸರಲ್ಲಿ ಯಾವುದೋ ಫೈಲ್ ಇದೆ. ಯಾವ ಆ್ಯಪ್‌ನಲ್ಲಿ ತೆರೀಲಿ ಅಂತ ಕೇಳ್ತಿದೆ. ಬ್ಯಾಕಪ್ ಆಗಿದೆ ಅಂದಿದ್ದೆಯಲ್ಲೋ?”

ಹೋಗಿ ನೋಡಿದೆ. ಫೈಲ್ ಸೈಜ್ ಒಂದು ಕೆಬಿ ಆಸುಪಾಸು. 11 ಹಾಡು ಒಂದು ಕೆಬಿಯಲ್ಲಿ ಹೇಗೆ ಹಿಡಿಸುತ್ತೆ? ಡೆಸ್ಕ್‌ಟಾಪ್ ಮೇಲಿದ್ದದ್ದು ಅಸಲಿ ಫೋಲ್ಡರ್ ಅಲ್ಲವೇ ಅಲ್ಲ. ಅಕ್ಕ ಅದನ್ನು ಡಾಕ್ಯುಮೆಂಟ್ಸ್ ಒಳಗೆ ಎಲ್ಲೋ ಆಳದಲ್ಲಿ ಇಟ್ಟು, ಡೆಸ್ಕ್‌ಟಾಪ್‌ಗೆ ಒಂದು ಅಲಿಯಾಸ್ ಮಾತ್ರ ಹಾಕಿಕೊಂಡಿದ್ದಳು. ನನ್ನ ಪ್ರೋಗ್ರಾಂ ಡಾಕ್ಯುಮೆಂಟ್ಸ್ ಮುಟ್ಟಲೇ ಇಲ್ಲ. ನಮ್ಮ ಕಡೆ ಇದನ್ನೇ ಕನ್ನಡಿಯೊಳಗಿನ ಗಂಟು ಅನ್ನೋದು.

ಬೇಜಾರಿನ ಸಂಗತಿ ಏನಂದ್ರೆ, ನಾನು ಚೆಕ್ ಹಾಕಿದ್ದೆ! ಪ್ರತಿ ಫೈಲ್‌ಗೂ ‘ಇದು ಲಿಂಕಾ?’ ಅಂತ ಪೈಥಾನ್‌ನ ಈಸ್‌ಲಿಂಕ್ ಫಂಕ್ಷನ್ ಕೇಳ್ತಿತ್ತು. ಅದು ‘ಅಲ್ಲ’ ಅಂದಿತ್ತು. ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ಬೇರೆಯದಾಗಿತ್ತು.

ಅಲಿಯಾಸ್‌ನಲ್ಲೂ ನಾಲ್ಕು ಜಾತಿ

ಫೋನಿನಿಂದಲೇ ಶುರು ಮಾಡೋಣ. ಆಂಡ್ರಾಯ್ಡ್ ಹೋಂ ಸ್ಕ್ರೀನ್‌ನಿಂದ ಒಂದು ಐಕಾನ್ ತೆಗೆದು ಹಾಕಿದರೆ ಆ್ಯಪ್ ಡಿಲೀಟ್ ಆಗಲ್ಲ. ಐಕಾನ್ ಬರೀ ದಾರಿ ತೋರಿಸೋ ಬೋರ್ಡು. ಐಫೋನ್‌ನಲ್ಲಿ ಒಂದು ಫೋಟೋವನ್ನು ಮೂರು ಆಲ್ಬಂಗೆ ಸೇರಿಸಿದರೂ ಫೋಟೋ ಮೂರಾಗಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳಲ್ಲೂ ಇದೇ ಕಥೆ. ಆದರೆ ಅಲ್ಲಿ ಬೋರ್ಡುಗಳು ಮುಖ್ಯವಾಗಿ ನಾಲ್ಕು ಥರ.

ಮೊದಲನೇದು ಹಾರ್ಡ್ ಲಿಂಕ್. ಡಿಸ್ಕ್ ಮೇಲೆ ಪ್ರತಿ ಫೈಲ್‌ಗೂ ಒಂದು ನಂಬರ್ ಇರುತ್ತೆ. ಯುನಿಕ್ಸ್ ಲೋಕದಲ್ಲಿ ಅದಕ್ಕೆ ಐನೋಡ್ ಅಂತಾರೆ. ಫೈಲ್ ಹೆಸರು ಅನ್ನೋದು ಆ ನಂಬರ್‌ಗೆ ಅಂಟಿಸಿದ ಚೀಟಿ. ಒಂದೇ ನಂಬರ್‌ಗೆ ಎರಡು ಚೀಟಿ ಅಂಟಿಸಿದರೆ ಅದೇ ಹಾರ್ಡ್ ಲಿಂಕ್. ಇಲ್ಲಿ ಅಸಲಿ ಯಾವುದು, ನಕಲಿ ಯಾವುದು ಅನ್ನೋ ಪ್ರಶ್ನೆಯೇ ಇಲ್ಲ, ಎರಡೂ ಅಸಲಿ. ಮ್ಯಾಕ್‌ನಲ್ಲಿ 2007ರಲ್ಲಿ ಬಂದ ಟೈಮ್ ಮಷೀನ್, ಬದಲಾಗದ ಫೈಲ್‌ಗಳನ್ನು ಮತ್ತೆ ಮತ್ತೆ ನಕಲು ಮಾಡದೇ ಇರೋಕೆ ಇದೇ ಉಪಾಯ ಬಳಸಿತ್ತು.

ಎರಡನೇದು ಸಿಂಬಾಲಿಕ್ ಲಿಂಕ್, ಬಾಯ್ಮಾತಲ್ಲಿ ಸಿಮ್‌ಲಿಂಕ್. 1983ರ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಬಂತು. ಇದರೊಳಗೆ ಇರೋದು ಒಂದು ವಿಳಾಸ ಅಷ್ಟೇ, ‘ಇಂಥ ಫೋಲ್ಡರ್‌ನ ಇಂಥ ಫೈಲ್’ ಅಂತ. ಅಸಲಿ ಫೈಲ್ ಬೇರೆ ಕಡೆ ಹೋದರೆ ಸಿಮ್‌ಲಿಂಕ್‌ಗೆ ಗೊತ್ತಾಗಲ್ಲ. ಮನೆ ಖಾಲಿ ಮಾಡಿದ ಮೇಲೂ ಹಳೇ ವಿಳಾಸಕ್ಕೇ ಕಾಗದ ಬರುತ್ತಲ್ಲ, ಹಾಗೆ.

ಮೂರನೇದು ಮ್ಯಾಕ್‌ನ ಅಲಿಯಾಸ್. 1991ರಲ್ಲಿ ಸಿಸ್ಟಂ 7 ಜೊತೆ ಬಂದದ್ದು. ಇದು ಸಿಮ್‌ಲಿಂಕ್‌ಗಿಂತ ಜಾಣ. ವಿಳಾಸದ ಜೊತೆ ಅಸಲಿ ಫೈಲ್‌ನ ನಂಬರನ್ನೂ ಅದು ಯಾವ ಡಿಸ್ಕ್‌ನಲ್ಲಿದೆ ಅನ್ನೋದನ್ನೂ ಬರೆದಿಟ್ಟುಕೊಳ್ಳುತ್ತೆ. ಅದಕ್ಕೇ ಅಸಲಿ ಫೈಲನ್ನು ಅದೇ ಡಿಸ್ಕ್‌ನಲ್ಲಿ ಬೇರೆ ಫೋಲ್ಡರ್‌ಗೆ ಸರಿಸಿದರೂ ಸಾಮಾನ್ಯವಾಗಿ ಹುಡುಕಿ ತೆರೆಯುತ್ತೆ. ಆದರೆ ಸಿಮ್‌ಲಿಂಕ್ ಅಂದ್ರೆ ಏನು ಅಂತ ಆಪರೇಟಿಂಗ್ ಸಿಸ್ಟಂನ ತಳಪದರಕ್ಕೇ ಗೊತ್ತು. ಮ್ಯಾಕ್ ಅಲಿಯಾಸ್ ಗೊತ್ತಿರೋದು ಫೈಂಡರ್‌ನಂಥ ಮೇಲಿನ ಪದರಕ್ಕೆ ಮಾತ್ರ. ತಳಪದರದ ಕಣ್ಣಿಗೆ ಅದೊಂದು ಮಾಮೂಲಿ ಪುಟ್ಟ ಫೈಲ್. ನನ್ನ ಈಸ್‌ಲಿಂಕ್ ಕೇಳಿದ್ದು ತಳಪದರವನ್ನ. ಉತ್ತರ ‘ಅಲ್ಲ’ ಅಂತ ಬಂದಿದ್ದು ಅದಕ್ಕೇ.

ನಾಲ್ಕನೇದು ವಿಂಡೋಸ್ ಶಾರ್ಟ್‌ಕಟ್. ವಿಂಡೋಸ್ 95 ಜೊತೆ ಮನೆಮನೆಗೂ ಬಂದ ‘ಡಾಟ್ ಎಲ್‌ಎನ್‌ಕೆ’ ಫೈಲ್. ಇದೂ ಮ್ಯಾಕ್ ಅಲಿಯಾಸ್ ಥರವೇ, ತಳಪದರಕ್ಕೆ ಮಾಮೂಲಿ ಫೈಲ್. ಇದರ ಜೊತೆಗೆ ವಿಂಡೋಸ್ 2000ದಿಂದ ಜಂಕ್ಷನ್ ಅನ್ನೋ ಫೋಲ್ಡರ್ ಲಿಂಕ್, ವಿಸ್ತಾದಿಂದ ಸಿಮ್‌ಲಿಂಕ್ ಕೂಡ ಇವೆ.

ಅಂದಾಜಿನ ಮೇಲೆ ಹೋದರೆ ಎಲ್ಲಿ ಎಡವುತ್ತೀವಿ?

ಹೊಸದಾಗಿ ಕೋಡ್ ಬರೆಯೋರು ಸಾಮಾನ್ಯವಾಗಿ ಮಾಡೋ ಅಂದಾಜುಗಳಿವೆ. ನಾನೂ ಎಲ್ಲಾ ಮಾಡಿದೀನಿ.

ಹೆಸರು ನೋಡೋದು: ಮ್ಯಾಕ್‌ನಲ್ಲಿ ಅಲಿಯಾಸ್ ಮಾಡಿದಾಗ ಹೆಸರಿನ ಕೊನೆಗೆ ‘ಅಲಿಯಾಸ್’ ಅಂತ ಇಂಗ್ಲಿಷಿನಲ್ಲಿ ತಾನಾಗಿ ಸೇರಿಕೊಳ್ಳುತ್ತೆ. ಆದರೆ ಯಾರು ಬೇಕಾದರೂ ಅಳಿಸಬಹುದು. ಅಕ್ಕ ಅಳಿಸಿದ್ದಳು.

ಐಕಾನ್ ನೋಡೋದು: ಮೂಲೆಯ ಪುಟ್ಟ ಬಾಣ ಮನುಷ್ಯರಿಗಾಗಿ ಇರೋದು. ನಿಮ್ಮ ಪ್ರೋಗ್ರಾಂಗೆ ಅದು ಕಾಣಲ್ಲ.

ಸೈಜ್ ನೋಡೋದು: ಚಿಕ್ಕ ಫೈಲ್ ಎಲ್ಲಾ ಅಲಿಯಾಸ್ ಅಲ್ಲ. ಎರಡು ಸಾಲಿನ ನೋಟ್ ಕೂಡ ಚಿಕ್ಕದೇ.

ಫೈಲ್‌ನ ಮೊದಲ ಬೈಟ್‌ಗಳನ್ನು ಓದೋದು: ಇದು ಸ್ವಲ್ಪ ವಾಸಿ. ಈಗಿನ ಮ್ಯಾಕ್ ಅಲಿಯಾಸ್ ಫೈಲ್ ತೆರೆದರೆ ಶುರುವಲ್ಲೇ ‘ಬುಕ್’ ಮತ್ತು ‘ಮಾರ್ಕ್’ ಅನ್ನೋ ಇಂಗ್ಲಿಷ್ ಅಕ್ಷರಗಳು ಸಿಗುತ್ತವೆ, ಯಾಕಂದ್ರೆ ಒಳಗಿರೋದು ಬುಕ್‌ಮಾರ್ಕ್ ಡೇಟಾ. ಆದರೆ ಹಳೇ ಕಾಲದ ಅಲಿಯಾಸ್‌ಗಳು ತಮ್ಮ ಮಾಹಿತಿಯನ್ನು ರಿಸೋರ್ಸ್ ಫೋರ್ಕ್ ಅನ್ನೋ ಬೇರೆ ಜಾಗದಲ್ಲಿ ಇಡ್ತಿದ್ದವು. ಅವನ್ನು ಮಾಮೂಲಿಯಾಗಿ ಓದಿದರೆ ಒಳಗೆ ಏನೂ ಇರಲ್ಲ.

ಇನ್ನೊಂದು ವಿಷಯ. ‘ಈ ಫೈಲ್ ಅಲಿಯಾಸ್’ ಅನ್ನೋ ಗುರುತು ಇರೋದು ಫೈಲ್‌ನ ಒಳಗಲ್ಲ, ಪಕ್ಕದಲ್ಲಿ ಅಂಟಿಕೊಂಡಿರೋ ಫೈಂಡರ್ ಮಾಹಿತಿಯಲ್ಲಿ. ನನ್ನ ಪ್ರೋಗ್ರಾಂ ಒಳಗಿನ ಬೈಟ್‌ಗಳನ್ನು ಮಾತ್ರ ನಕಲು ಮಾಡಿ, ಆ ಗುರುತನ್ನು ಬಿಟ್ಟುಬಿಟ್ಟಿತ್ತು. ಹಾಗಾಗಿ ಹಾರ್ಡ್‌ಡಿಸ್ಕ್‌ನಲ್ಲಿ ಉಳಿದದ್ದು ಅಲಿಯಾಸ್ ಕೂಡ ಅಲ್ಲ, ಯಾವ ಆ್ಯಪ್‌ಗೂ ಬೇಡವಾದ ಫೈಲ್.

ಸರಿಯಾದ ಪ್ರಶ್ನೆ ಕೇಳೋದು ಹೇಗೆ?

ಇಷ್ಟೆಲ್ಲಾ ಆದ ಮೇಲೆ ನಾನು ಕಲಿತದ್ದು ಒಂದೇ: ನೀವೇ ಊಹಿಸಬೇಡಿ, ಅಲಿಯಾಸನ್ನು ಹುಟ್ಟಿಸಿದ ಪದರವನ್ನೇ ಕೇಳಿ. ಕೇಳುವಾಗ ಅದರ ಹಿಂದೆ ಹೋಗಬೇಡಿ.

ಸಿಮ್‌ಲಿಂಕ್‌ಗೆ ತಳಪದರವನ್ನು ಕೇಳಬೇಕು. ಯುನಿಕ್ಸ್‌ನಲ್ಲಿ ಸ್ಟಾಟ್ ಮತ್ತು ಎಲ್‌ಸ್ಟಾಟ್ ಅಂತ ಎರಡು ಕರೆಗಳಿವೆ. ಸ್ಟಾಟ್ ಲಿಂಕ್ ಹಿಂದೆ ಓಡಿ ಹೋಗಿ ಅಸಲಿ ಫೈಲ್‌ನ ಮಾಹಿತಿ ತರುತ್ತೆ. ಎಲ್‌ಸ್ಟಾಟ್ ಬಾಗಿಲಲ್ಲೇ ನಿಂತು, ಎದುರಿಗಿರೋದು ಏನು ಅಂತ ಮಾತ್ರ ಹೇಳುತ್ತೆ. ಪತ್ತೆ ಹಚ್ಚೋಕೆ ಬೇಕಾದದ್ದು ಎಲ್‌ಸ್ಟಾಟ್. ಸ್ಟಾಟ್ ಕರೆದು ‘ಲಿಂಕಾ?’ ಅಂತ ಕೇಳಿದರೆ ಯಾವತ್ತೂ ‘ಹೌದು’ ಅಂತ ಬರಲ್ಲ.

ಮ್ಯಾಕ್ ಅಲಿಯಾಸ್‌ಗೆ ಆಪಲ್‌ನ ಫೌಂಡೇಶನ್ ಲೈಬ್ರರಿಯನ್ನು ಕೇಳಬೇಕು. ಫೈಲ್‌ನ ಯುಆರ್‌ಎಲ್‌ಗೆ ಹಲವು ಗುಣಗಳಿರುತ್ತವೆ. ಅದರಲ್ಲಿ ‘ಈಸ್ ಅಲಿಯಾಸ್ ಫೈಲ್’ ಅನ್ನೋದು ಒಂದು. ಇಲ್ಲೂ ಒಂದು ಗುಂಡಿ ಇದೆ, ನೋಡ್ಕೊಳ್ಳಿ. ಆ ಗುಣ ಫೈಂಡರ್ ಅಲಿಯಾಸ್‌ಗೂ ‘ಹೌದು’ ಅನ್ನುತ್ತೆ, ಸಿಮ್‌ಲಿಂಕ್‌ಗೂ ‘ಹೌದು’ ಅನ್ನುತ್ತೆ. ಹಾಗಾಗಿ ಜೊತೆಗೇ ‘ಈಸ್ ಸಿಂಬಾಲಿಕ್ ಲಿಂಕ್’ ಅನ್ನೋ ಗುಣವನ್ನೂ ಕೇಳಬೇಕು. ಮೊದಲನೇದು ಹೌದು, ಎರಡನೇದು ಅಲ್ಲ ಅಂತ ಬಂದರೆ ಅದು ಫೈಂಡರ್ ಅಲಿಯಾಸ್. ಎರಡೂ ಹೌದು ಅಂದ್ರೆ ಸಿಮ್‌ಲಿಂಕ್. ಹಳೇ ಪಾಠಗಳಲ್ಲಿ ‘ಎಫ್‌ಎಸ್ ಈಸ್ ಅಲಿಯಾಸ್ ಫೈಲ್’ ಅನ್ನೋ ಫಂಕ್ಷನ್ ಸಿಗುತ್ತೆ. ಅದನ್ನು ಹೊಸ ಕೋಡ್‌ನಲ್ಲಿ ಬಳಸಬೇಡಿ ಅಂತ ಆಪಲ್ ಹೇಳಿ ಎಷ್ಟೋ ಕಾಲ ಆಯ್ತು.

ವಿಂಡೋಸ್‌ನಲ್ಲಿ ಎರಡು ಕಡೆ ಕೇಳಬೇಕು. ಶಾರ್ಟ್‌ಕಟ್ ಆದರೆ ಶೆಲ್‌ನ ‘ಐ ಶೆಲ್ ಲಿಂಕ್’ ಮೂಲಕ. ಹೆಸರಿನ ಕೊನೆ ಎಲ್‌ಎನ್‌ಕೆ ಅಂತ ಇದ್ದ ಮಾತ್ರಕ್ಕೆ ನಂಬಬೇಡಿ, ನಿಜವಾದ ಶಾರ್ಟ್‌ಕಟ್‌ನ ಶುರುವಲ್ಲಿ 76 ಬೈಟ್‌ನ ನಿಗದಿತ ಹೆಡರ್ ಇರುತ್ತೆ. ಸಿಮ್‌ಲಿಂಕ್ ಮತ್ತು ಜಂಕ್ಷನ್ ಆದರೆ ‘ರೀಪಾರ್ಸ್ ಪಾಯಿಂಟ್’ ಅನ್ನೋ ಗುರುತು ನೋಡಬೇಕು. ಆದರೆ ಆ ಗುರುತು ಇದ್ದದ್ದೆಲ್ಲಾ ಲಿಂಕ್ ಅಲ್ಲ. ಒನ್‌ಡ್ರೈವ್‌ನಲ್ಲಿ ಇನ್ನೂ ಡೌನ್‌ಲೋಡ್ ಆಗದ ಫೈಲ್‌ಗಳಿಗೂ ಅದೇ ಗುರುತು. ಅದರ ಜೊತೆಗಿರೋ ಟ್ಯಾಗ್ ಓದಿದರೆ ಮಾತ್ರ ಇದು ಸಿಮ್‌ಲಿಂಕೋ ಜಂಕ್ಷನ್ನೋ ಬೇರೇನೋ ಅಂತ ತಿಳಿಯುತ್ತೆ.

ಹಾರ್ಡ್ ಲಿಂಕ್‌ಗೆ ‘ಇದು ಲಿಂಕಾ?’ ಅಂತ ಕೇಳಿ ಉಪಯೋಗ ಇಲ್ಲ. ‘ಇವೆರಡೂ ಒಂದೇ ಫೈಲಾ?’ ಅಂತ ಕೇಳಬೇಕು. ಡಿಸ್ಕ್‌ನ ನಂಬರೂ ಐನೋಡ್ ನಂಬರೂ ಎರಡೂ ಹೊಂದಿದರೆ ಫೈಲ್ ಒಂದೇ. ಪೈಥಾನ್‌ನಲ್ಲಿ ಇದಕ್ಕೆ ಸೇಮ್‌ಫೈಲ್ ಅನ್ನೋ ಫಂಕ್ಷನ್ನೇ ಇದೆ. ‘ಡೂಪ್ಲಿಕೇಟ್ ಫೋಟೋ ಅಳಿಸಿ ಜಾಗ ಉಳಿಸ್ತೀನಿ’ ಅನ್ನೋ ಆ್ಯಪ್ ಬರೆಯೋರಿಗೆ ಈ ಪ್ರಶ್ನೆ ಬಹಳ ಮುಖ್ಯ. ಒಂದು ಫೋಲ್ಡರ್‌ಗೆ ಸಿಮ್‌ಲಿಂಕ್ ಇದೆ ಅಂದ್ಕೊಳ್ಳಿ. ಎರಡು ದಾರಿಯಿಂದ ಹೋದಾಗ ಅದೇ ಫೋಟೋ ಎರಡು ಸಲ ಸಿಗುತ್ತೆ. ಸೈಜ್ ಒಂದೇ, ಒಳಗಿನ ಬೈಟ್ ಒಂದೇ. ಡೂಪ್ಲಿಕೇಟ್ ಅಂತ ‘ಒಂದನ್ನು’ ಅಳಿಸಿದರೆ, ಅಳಿಸಿದ್ದು ಇದ್ದ ಒಂದೇ ಒಂದು ಫೋಟೋ.

ಕನ್ನಡದ ಹೆಸರು ಇಟ್ಟರೆ?

ಹೆಸರುಗಳನ್ನು ಹೋಲಿಸಿ ನೋಡಿದರೆ ಸಾಲದಾ ಅಂತ ಕೇಳಬಹುದು. ಸಾಲದು. ನಮ್ಮ ಲಿಪಿಯಲ್ಲೇ ಉದಾಹರಣೆ ಇದೆ. ‘ಸೋಬಾನೆ’ ಅನ್ನೋದರಲ್ಲಿ ‘ಸೋ’ ಇದೆಯಲ್ಲ, ಅದರ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೀಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್‌ಗಳು ಬೇರೆ. ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿ ಇಡ್ತಿತ್ತು. ಈಗಿನ ಎಪಿಎಫ್‌ಎಸ್ ಕೊಟ್ಟ ಹಾಗೇ ಇಟ್ಟುಕೊಂಡು, ಹುಡುಕುವಾಗ ಎರಡನ್ನೂ ಒಂದೇ ಅಂತ ಲೆಕ್ಕ ಹಾಕುತ್ತೆ. ಲಿನಕ್ಸ್‌ನಲ್ಲಿ ಮಾಮೂಲಿಯಾಗಿ ಅವು ಎರಡು ಬೇರೆ ಬೇರೆ ಫೈಲ್. ಹಾಗಾಗಿ ಹೆಸರಿನ ಅಕ್ಷರ ಹೋಲಿಸಿ ‘ಒಂದೇ’ ಅಥವಾ ‘ಬೇರೆ’ ಅಂತ ತೀರ್ಮಾನ ಮಾಡಿದರೆ, ಕನ್ನಡದಲ್ಲಿ ಹೆಸರಿಡೋ ಬಳಕೆದಾರರಿಗೇ ಮೊದಲು ಪೆಟ್ಟು ಬೀಳೋದು.

ಪತ್ತೆ ಆಯ್ತು. ಮುಂದೇನು?

ಇದು ಅಲಿಯಾಸ್ ಅಂತ ಗೊತ್ತಾದ ಮೇಲೂ ಕೆಲಸ ಮುಗಿಯಲ್ಲ. ಹಿಂದೆ ಹೋಗಬೇಕಾ, ಹಾಗೇ ನಕಲು ಮಾಡಬೇಕಾ, ಬಿಟ್ಟುಬಿಡಬೇಕಾ? ಬ್ಯಾಕಪ್‌ಗೆ ಒಂದು ಉತ್ತರ, ಡಿಲೀಟ್ ಮಾಡೋ ಆ್ಯಪ್‌ಗೆ ಇನ್ನೊಂದು. ಡಿಲೀಟ್ ಮಾಡುವಾಗ ಮಾತ್ರ ಯಾವತ್ತೂ ಲಿಂಕ್ ಹಿಂದೆ ಹೋಗಬೇಡಿ, ಬೋರ್ಡನ್ನು ಕೀಳಿ, ಮನೆಯನ್ನಲ್ಲ.

ಹಿಂದೆ ಹೋಗ್ತೀನಿ ಅಂದ್ರೆ ನಾಲ್ಕು ಎಚ್ಚರ ಬೇಕು. ಒಂದು, ಸುತ್ತು. ಎ ಅನ್ನೋ ಫೋಲ್ಡರ್ ಒಳಗೆ ಎಗೇ ತೋರಿಸೋ ಲಿಂಕ್ ಇದ್ದರೆ ಪ್ರೋಗ್ರಾಂ ಗಾಣದ ಎತ್ತಿನ ಥರ ಸುತ್ತುತ್ತಲೇ ಇರುತ್ತೆ. ಲಿನಕ್ಸ್ ಒಂದು ವಿಳಾಸ ಬಿಡಿಸುವಾಗ 40 ಸಿಮ್‌ಲಿಂಕ್ ದಾಟಿದರೆ ನಿಲ್ಲಿಸಿಬಿಡುತ್ತೆ, ಆದರೆ ಅಲಿಯಾಸ್‌ಗೆ ಆ ಕಾವಲು ಇಲ್ಲ. ಹೋಗಿಬಂದ ಫೋಲ್ಡರ್‌ಗಳ ನಂಬರ್ ನೀವೇ ಬರೆದಿಟ್ಟುಕೊಳ್ಳಬೇಕು.

ಎರಡು, ಪಾಪ್‌ಅಪ್. ಅಲಿಯಾಸ್ ತೋರಿಸೋ ಫೈಲ್ ಆಫೀಸ್ ಸರ್ವರ್‌ನಲ್ಲಿದ್ದರೆ, ಅದನ್ನು ಬಿಡಿಸೋಕೆ ಹೋದ ಕ್ಷಣ ಪಾಸ್‌ವರ್ಡ್ ಕೇಳೋ ಕಿಟಕಿ ಬರಬಹುದು. ರಾತ್ರಿ ತಾನಾಗಿ ಓಡೋ ಬ್ಯಾಕಪ್‌ಗೆ ಉತ್ತರ ಕೊಡೋರು ಯಾರು? ಮ್ಯಾಕ್‌ನಲ್ಲಿ ‘ವಿದೌಟ್ ಯುಐ’, ‘ವಿದೌಟ್ ಮೌಂಟಿಂಗ್’ ಅನ್ನೋ ಆಯ್ಕೆ ಕೊಟ್ಟು ಬಿಡಿಸಿ. ವಿಂಡೋಸ್ ಶಾರ್ಟ್‌ಕಟ್‌ಗೂ ಕಿಟಕಿ ತೋರಿಸಬೇಡ ಅನ್ನೋ ಆಯ್ಕೆ ಇದೆ.

ಮೂರು, ನಡುವಿನ ಗ್ಯಾಪ್. ನೀವು ಚೆಕ್ ಮಾಡೋದಕ್ಕೂ ತೆರೆಯೋದಕ್ಕೂ ನಡುವೆ ಯಾರೋ ಫೈಲ್ ತೆಗೆದು ಅಲ್ಲಿ ಲಿಂಕ್ ಇಟ್ಟರೆ? ಇದು ನಿಜವಾಗಿ ನಡೆಯೋ ದಾಳಿ. ಅದಕ್ಕೇ ತೆರೆಯೋ ಕರೆಯಲ್ಲೇ ‘ಲಿಂಕ್ ಆದರೆ ತೆರೆಯಬೇಡ’ ಅಂತ ಹೇಳಿ. ಯುನಿಕ್ಸ್‌ನಲ್ಲಿ ಅದರ ಹೆಸರು ‘ಓ ನೋಫಾಲೋ’.

ನಾಲ್ಕು, ನಂಬಿಕೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನೋ ವರ್ಮ್ ವಿಂಡೋಸ್ ಶಾರ್ಟ್‌ಕಟ್‌ನ ಒಂದು ದೋಷ ಬಳಸಿತ್ತು. ಪೆನ್‌ಡ್ರೈವ್‌ನ ಫೋಲ್ಡರ್ ತೆರೆದು ಐಕಾನ್ ಕಂಡರೆ ಸಾಕಿತ್ತು, ಕ್ಲಿಕ್ ಕೂಡ ಬೇಕಿರಲಿಲ್ಲ. ಶಾರ್ಟ್‌ಕಟ್ ಅನ್ನೋದು ಹೊರಗಿನವರು ಕೊಟ್ಟ ಚೀಟಿ, ಓದಿ ನೋಡಿ, ಹೇಳಿದ ಕಡೆ ಕುರುಡಾಗಿ ಹೋಗಬೇಡಿ.

ನಾನು ಈಗ ಯಾವ ಪ್ರೋಗ್ರಾಂ ಬರೆದರೂ ಮೊದಲು ಒಂದು ಪರೀಕ್ಷೆ ಫೋಲ್ಡರ್ ಮಾಡ್ತೀನಿ. ಒಂದು ಅಸಲಿ ಫೈಲ್, ಅದಕ್ಕೊಂದು ಹಾರ್ಡ್ ಲಿಂಕ್, ಒಂದು ಸಿಮ್‌ಲಿಂಕ್, ಫೈಂಡರ್‌ನಲ್ಲೇ ಮಾಡಿದ ಒಂದು ಅಲಿಯಾಸ್, ಹೆಸರು ಬದಲಾಯಿಸಿದ ಇನ್ನೊಂದು, ಅಸಲಿ ಅಳಿಸಿಹೋದ ಒಂದು, ತನ್ನನ್ನೇ ತೋರಿಸೋ ಒಂದು. ಎಲ್ಲವನ್ನೂ ಸರಿಯಾಗಿ ಗುರುತಿಸಿದರೆ ಮಾತ್ರ ಅಕ್ಕನ ಲ್ಯಾಪ್‌ಟಾಪ್ ಮುಟ್ಟೋದು. ಬಿಡಿಸೋಕೆ ಆಗದ ಅಲಿಯಾಸ್ ಸಿಕ್ಕರೆ ಪ್ರೋಗ್ರಾಂ ಸುಮ್ಮನಿರಲ್ಲ, ಹೆಸರು ಹೇಳಿ ಎಚ್ಚರಿಸುತ್ತೆ. ಅವತ್ತು ಅಂಥ ಒಂದು ಸಾಲು ಬಂದಿದ್ದರೆ ಸಾಕಿತ್ತು.

ಕೋಡ್ ಬರೆಯದವರಿಗೂ ಒಂದು ಮಾತು. ಬ್ಯಾಕಪ್ ಆದ ಮೇಲೆ ಹಾರ್ಡ್‌ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ, ನಿಮಗೆ ಬೇಕೇಬೇಕಾದ ಎರಡು ಫೈಲ್ ತೆರೆದು ನೋಡಿ. ಅದೇ ಕಂಪ್ಯೂಟರ್‌ನಲ್ಲಿ ನೋಡಿದರೆ ಅಲಿಯಾಸ್ ಸುಮ್ಮನೆ ಅಲ್ಲಿರೋ ಅಸಲಿಯನ್ನೇ ತೆರೆದು ತೋರಿಸಬಹುದು, ನಿಮಗೆ ಗೊತ್ತೇ ಆಗಲ್ಲ. ಆಮೇಲೆ ಸೈಜ್ ನೋಡಿ. ಇಷ್ಟಾದ ಮೇಲೇ ಹಳೇದನ್ನು ಅಳಿಸಿ.

ಅಜ್ಜಿ ಹಾಡು ಏನಾಯ್ತು ಅಂತ ಕೇಳ್ತೀರಿ. ಅಕ್ಕ ಆ ಹಾಡುಗಳಲ್ಲಿ ಕೆಲವನ್ನು ಚಿಕ್ಕಪ್ಪನ ಮಗನಿಗೆ ವಾಟ್ಸ್ಆ್ಯಪ್ ಮಾಡಿದ್ದಳು. ಅವನ ಹಳೇ ಫೋನಿನಲ್ಲಿ ನಾಲ್ಕು ಸಿಕ್ಕವು. ಏಳು ಹೋದವು. ಸಿಕ್ಕ ನಾಲ್ಕನ್ನು ಈಗ ಮೂರು ಕಡೆ ಇಟ್ಟಿದ್ದೀವಿ, ಮೂರೂ ಅಸಲಿ ನಕಲು. ಅಕ್ಕ ನನ್ನನ್ನು ಬೈಯಲಿಲ್ಲ. ಆದರೆ ಈಗಲೂ ನಾನು “ಆಯ್ತು, ಕಾಪಿ ಆಗಿದೆ” ಅಂದ್ರೆ, “ತೆರೆದು ತೋರಿಸು” ಅಂತಾಳೆ. ತೆರೆದು ತೋರಿಸ್ತೀನಿ.